ಇತರೆ, ನಮೂದಿಸಿ

ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಫ್ಯಾನು ತಿರುಗುತ್ತಿದ್ದವು.
ಕೆಳಗೆ ತಾಂಡಾದಲ್ಲಿ ಎಲೆಯೂ ಅಲುಗುತ್ತಿರಲಿಲ್ಲ.
ಮೂವತ್ತೆರಡು ಮನೆಗೆ ಬೀಗ.
ಒಂದು ಬೀಗಕ್ಕೆ ಹಾಲಿನ ಪಾಕೀಟು ಸುತ್ತಿ ದಾರ ಬಿಗಿದಿದ್ದರು,
ಮಳೆಗಾಲ ಕಳೆದರೂ ಬರುವುದಿಲ್ಲ ಎಂಬಂತೆ.

ನನ್ನ ಕೈಯಲ್ಲಿ ಟ್ಯಾಬು, ಕೊರಳಲ್ಲಿ ಗುರುತಿನ ಚೀಟಿ,
ಧಾರವಾಡದಲ್ಲಿ ಬಾಯಿಪಾಠ ಮಾಡಿಸಿದ ಮೊದಲ ವಾಕ್ಯ:
‘ನಿಮ್ಮ ಉತ್ತರಗಳನ್ನು ಗೌಪ್ಯವಾಗಿ ಇಡಲಾಗುವುದು.’
‘ಯಾಕ್ರಿ?’ ಅಂದಳು ಮೋನಿಕಾ ಲಮಾಣಿ,
‘ನಾಕ್ ಮಂದಿಗೆ ಕೇಳಲಿ ಅಂತನ ಹೇಳಾಕ ಕುಂತೀನಿ.’

ವಯಸ್ಸು ಇಪ್ಪತ್ತೊಂದು.
ಹುಟ್ಟಿದ್ದು ವಾಸ್ಕೋ, ಕಟ್ಟುತ್ತಿದ್ದ ಬಿಲ್ಡಿಂಗಿನ ಎರಡನೇ ಮಾಳಿಗೆ.
ಹೆಸರಿಟ್ಟಾಕಿ ಮುಕಾದಮನ ಹೆಂಡತಿ.
ಸ್ವಂತ ಊರು? ಇದ.
ವಾಸ?
ಬಗ್ಗಿ ನನ್ನ ಟ್ಯಾಬು ನೋಡಿದಳು.
‘ಒಂದ ಒತ್ತಬೇಕೇನ್ರಿ?’

ಪ್ರಶ್ನೆ ಇಪ್ಪತ್ತೇಳು:
ಕಳೆದ ಹನ್ನೆರಡು ತಿಂಗಳಲ್ಲಿ, ಮೊಬೈಲ್ ಮೂಲಕ,
ರಾಜಕೀಯ ವಿಷಯದಲ್ಲಿ ನೀವು ಲೈಕ್ ಒತ್ತಿದ್ದೀರಾ,
ಶೇರ್ ಮಾಡಿದ್ದೀರಾ, ಕಮೆಂಟ್ ಬರೆದಿದ್ದೀರಾ,
ಯಾವುದೂ ಇಲ್ಲವೇ?

‘ರಾಜಕೀಯ ಅಲ್ರಿ, ನೀರಿಂದು.’
ಎದ್ದು ಒಳಗೆ ಹೋಗಿ ಹಿತ್ತಾಳೆ ತಂಬಿಗೆ ತಂದಳು.
ಕುಡಿಯಲೆಂದು ಕೈ ಚಾಚಿದೆ.
ಖಾಲಿ ಇತ್ತು.

‘ಗ್ರಾಮಸಭಾದ ದಿನ ಇದರಾಗ ಫೋನ್ ಇಟ್ಟೆ.
ಹಿಂಗಿಟ್ರ ಆವಾಜು ದೊಡ್ಡದಾಗತೈತಿ.
ಆ ಕಡೆ ವಾಸ್ಕೋದಾಗ ನಲವತ್ತು ಮಂದಿ,
ಊಟದ ಬಿಡುವಿನ್ಯಾಗ, ಒಂದ ಫೋನಿನ ಸುತ್ತ.
ಪಿಡಿಓ ಸಾಹೇಬ್ರು, ಮಂದೀನ ಇಲ್ಲ, ಮುಂದ ಹಾಕೋಣು ಅಂದ್ರು.
ತಂಬಿಗಿ ಅಂತು: ನಾವ್ ಅದೀವ್ರಿ.’

ಸಭೆ ಸುಮ್ಮನಾಯಿತಂತೆ.
ಆಮೇಲೆ ತಂಬಿಗೆ ಕೆಮ್ಮಿತಂತೆ, ಸಿಮೆಂಟಿನ ಕೆಮ್ಮು;
ಇಲ್ಲಿ ಕುಳಿತ ಅವನ ತಂಗಿ ಥಟ್ಟನೆ ತಿರುಗಿ ನೋಡಿದಳಂತೆ.
ಪೈಪು ಒಡೆದದ್ದು ಎಲ್ಲಿ, ಬಿಲ್ಲು ಆದದ್ದು ಎಷ್ಟು,
ಒಬ್ಬೊಬ್ಬರೇ ಒಳಗಿಂದ ಕೇಳಿದರಂತೆ.
ಇವರ ಸಹಿ ಯಾರು ಮಾಡವ್ರು, ಅಂದನಂತೆ ಕ್ಲರ್ಕು.
ಪುಸ್ತಕದಲ್ಲಿ ಹಾಜರಿ ಹನ್ನೊಂದು.

‘ಪೈಪ್ ಆತ?’ ಅಂದೆ.
‘ಅರ್ಧ ಆಗೇತಿ. ನೀವು ನಿಮ್ಮದು ಬರಕೋರಿ.’

ನಾಲ್ಕರಲ್ಲಿ ಯಾವುದನ್ನೂ ಒತ್ತದೆ ಕುಳಿತೆ.
ಅವಳೇ ಕೇಳಿದಳು: ‘ನಿಮ್ಮ ಓಟ್ ಎಲ್ಲೈತ್ರಿ ಸರ?’

ಸಪ್ತಾಪುರದಲ್ಲಿ ಬಾಡಿಗೆ ಖೋಲಿ, ಏಳು ವರ್ಷ.
ಓಟು ಇನ್ನೂ ಹಾನಗಲ್ಲಿನ ಕಡೆ ಊರಲ್ಲಿ.
ಎರಡು ಚುನಾವಣೆಗೆ ಫೇಸ್‌ಬುಕ್ಕಿನಲ್ಲಿ ಮೊಳ ಮೊಳ ಬರೆದೆ.
ಬಸ್ಸು ಹತ್ತಲಿಲ್ಲ.
‘ದೂರ ಆಗತೈತಿ,’ ಅಂದೆ.
‘ವಾಸ್ಕೋಕ್ಕಿಂತನ?’

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮೇಲ್ವಿಚಾರಕರ ಫೋನು:
ಇಪ್ಪತ್ತೇಳು ಖಾಲಿ ಬಂದಿದೆ, ತುಂಬಿ ಕಳಿಸಿ.
‘ಇತರೆ’ ಒತ್ತಿದೆ. ‘ನಮೂದಿಸಿ’ ಅಂತು.
ಇಪ್ಪತ್ತು ಅಕ್ಷರ ಹಿಡಿಯುವ ಜಾಗ.
ತಂಬಿಗೆ, ಎಂದು ಬರೆದೆ.

ಇದಕ್ಕೆ ಯಾವ ಕೋಡು, ಯಾವ ಕೋಡು ಎಂದು
ಧಾರವಾಡದಿಂದ ಮೂರು ಸಲ ಕೇಳಿದರು.
ಎಂಜಿನ್ನಿನ ಸದ್ದಿಗೆ ಕೇಳಿಸುತ್ತಿಲ್ಲ ಅಂದೆ.
ಬಸ್ಸು ಇನ್ನೂ ಚಾಲೂ ಆಗಿರಲಿಲ್ಲ.