ಹದಿನೈದೂವರೆ, ಎಪ್ಪತ್ತೈದೂವರೆ

ಹೊಂಬಳದ ದಾರಿ ಬಿಟ್ಟು ಎರಿ ಹೊಲಕ್ಕಿಳಿದಾಗ
ಮೊಬೈಲು ಹೇಳಿತು: ಇನ್ನೂ ನಾನೂರು ಮೀಟರು.
ಅಕ್ಷಾಂಶ ಹದಿನೈದೂವರೆ, ರೇಖಾಂಶ ಎಪ್ಪತ್ತೈದೂವರೆ,
ಎರಡು ಗೆರೆ ಕೂಡುವ ಚುಕ್ಕಿ. ಅಲ್ಲೇನೂ ಇಲ್ಲ,
ಗೊತ್ತಿದ್ದೇ ಬಂದಿದ್ದೆ.

ಕುಸುಬಿ ಮುಳ್ಳು ಮೊಣಕಾಲಿನ ತನಕ ವಿಚಾರಿಸಿದವು.
'ಏನ ಕಳಕೊಂಡಿ, ತಮ್ಮಾ?'
ಕಡಲೆ ಕೀಳುತ್ತಿದ್ದ ಶಾವಂತ್ರೆವ್ವ ಎದ್ದು ನಿಂತಳು.
ಕಳಕೊಂಡಿಲ್ಲಬೇ, ಹುಡುಕಾಕತ್ತೀನಿ.
'ಕಳಕೊಳ್ಳದ ಹುಡುಕೂದು ಹ್ಯಾಂಗ?'

ಬಾಜೂ ಹೊಲದ ದಾವಲಸಾಬ ಬಂದ.
ನಾನು ಸರ್ವೇದವನಲ್ಲ ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು
ಮೊಬೈಲನ್ನು ಗಾಳಿಯಲ್ಲಿ ದೀಪ ಹಿಡಿದಂತೆ ಹಿಡಿದು
ಮುಂದೆ ಮುಂದೆ ನಡೆದ.
ಸೊನ್ನೆಗಳು ಒಂದೊಂದೇ ಬಿದ್ದವು.
ಕಡೆಯ ಅಂಕಿ ಮಾತ್ರ ನಿಲ್ಲಲೊಲ್ಲದು.

ಎಂಟು ಹೆಜ್ಜೆ ಉಳಿದಿತ್ತು, ಅವ್ವ ಬುತ್ತಿ ಬಿಚ್ಚಿದಳು.
ಕಟಕ ರೊಟ್ಟಿ, ಗುರೆಳ್ಳ ಹಿಂಡಿ,
ಬದುವಿನಲ್ಲೇ ಕಿತ್ತು ಕೊಡವಿದ ಹಕ್ಕರಕಿ.
'ಮೊದಲ ಉಣ್ಣು. ಚುಕ್ಕಿ ಎಲ್ಲಿ ಓಡಿ ಹೊಕ್ಕೈತಿ?'
ಒಂದೇ ತಂಬಿಗೆ ಮೂವರ ನಡುವೆ ತಿರುಗಿತು.
ಮೊಬೈಲು ಯಾವಾಗ ಆರಿತೋ, ನೋಡಲಿಲ್ಲ.

ಹೊತ್ತು ಇಳಿದ ಮೇಲೆ, ಬರೀ ಅಂದಾಜಿನಲ್ಲಿ,
ದಾವಲಸಾಬ ಬದುವಿನ ಕಲ್ಲೊಂದನ್ನು ತಂದು ನೆಟ್ಟ.
'ಕುಂಟಿ ಹೊಡದಾಗ ಇದು ಸರೀತೈತಿ.
ಆವಾಗ ಮತ್ತ ಬಾ,
ನಿಂದರಸಾಕ.'