ಐದನೇ ವಾಯರು

ಕೆಟ್ಟ ಆಟಿಗೆ ಜೀಪಿನ ಹೊಟ್ಟೆಯೊಳಗಿಂದ
ಒಂದು ಹಿತ್ತಾಳೆ ಬಿಲ್ಲೆ, ಹಳೇ ಎಂಟಾಣೆಯಷ್ಟು.
ಸೋಪಿನ ಡಬ್ಬಿ, ಒಂಬತ್ತು ವೋಲ್ಟಿನ ಸೆಲ್ಲು,
ಗಿರಾಕಿಗಳು ಮರೆತುಹೋದ ಐದು ಇಯರ್‌ಫೋನು.
ಮುದಗಲ್ಲಿನ ನನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ
ಕರೆಂಟು ಬಂದ ಒಂದು ತಾಸಿನೊಳಗೆ ಬೆಸೆದದ್ದು.

‘ಗ್ವಾಡಿ ನೋಡಿ ನೋಡಿ ಹುಡುಗ್ರೂ ಗ್ವಾಡಿ ಆಗ್ತಾವ,
ಬಯಲಾಗ ಕುಂದ್ರಿಸಾಕ ಏನರ ಮಾಡಿಕೊಡ್ರಿ’
ಅಂದಿದ್ದರು ಅಂಗನವಾಡಿಯ ದೌಲಮ್ಮ ಟೀಚರು.

ಕೋಟೆ ಕಂದಕದ ದಂಡೆಗೆ ಒಂದು ಬೇವು.
ತೊಗಟೆಗೆ ಬಿಲ್ಲೆ ಅಂಟಿಸಿ, ಸ್ವಿಚ್ ಒತ್ತಿ,
ಐದು ಮಕ್ಕಳಿಗೆ ಐದು ವಾಯರು ಕೊಟ್ಟೆ.
ನಾಲ್ಕು ಜೋಡಿ ಕಣ್ಣು ಅರಳಿದವು.
ಐದನೆಯವಳು ಹುಸೇನಮ್ಮ.
ಅವಳು ಬರೀ ನಮ್ಮ ಮಾರಿ ನೋಡುತ್ತಿದ್ದಳು.

ಹದಿನಾಲ್ಕು ವರ್ಷ ಪಳಗಿದ ಕೈ ನಂದು.
ಆದರೂ ಒಂದು ಬೆಸುಗೆ ಬಿಟ್ಟಿತ್ತು.

‘ಏನ್ ಕೇಳ್ತೈತಿ?’

‘ಒಳಗ ಹಳ್ಳ ಹರಿಯಾಕತ್ತೈತಿ’ ಅಂದ ಮೌನೇಶ.
‘ಅಲ್ಲ, ನಮ್ಮ ದಾದಿ ಜ್ವಾಳ ಕೇರಾಕತ್ತಾಳ’, ಸಾನಿಯಾ.
ರೋಜಿ ಬಾಯಿ ಮುಚ್ಚಿ, ಮೂಗಿನಲ್ಲಿ
ಉಸಿರು ಮುಗಿಯುವ ತನಕ ಹೂಂ… ಅಂದಳು.
ಗದ್ದೆಪ್ಪನಿಗೆ ಮಾತು ಸಿಗಲಿಲ್ಲ.
ಹುಸೇನಮ್ಮನ ಅಂಗೈ ಬಿಡಿಸಿ ಹಿಡಿದು
ಅದರ ಮೇಲೆ ಬೆರಳ ತುದಿ ಆಡಿಸಿದ,
ಇರುವೆ ಸಾಲು ಹೋದಂಗ.
‘ಇಷ್ಟ’ ಅಂದ.

ಅವಳು ಅಂಗೈಯನ್ನೇ ನೋಡಿದಳು, ಬಹಳ ಹೊತ್ತು.
ಆಮೇಲೆ ಬೇವಿನ ಕಡೆ ತಿರುಗಿ ಹೇಳಿದಳು:
‘ಮರಕ್ಕ ಹೊಟ್ಟಿ ಹಸದೈತಿ.’

ನಾಲ್ವರೂ ಕಿವಿಯಿಂದ ವಾಯರು ಕಿತ್ತು
ಮರ ನೋಡಿದರು,
ಮೊದಲ ಸಲ ನೋಡಿದಂತೆ.

ಶನಿವಾರ ಸೋಲ್ಡರಿಂಗ್ ಕಡ್ಡಿ ಕಟ್ಟಿಕೊಂಡು ಹೋದೆ,
ನನ್ನ ತಪ್ಪು, ನಾನೇ ತಿದ್ದಬೇಕಲ್ಲ.
ಹೋದರೆ ಮರದ ಕೆಳಗೆ ಜಗಳ:
‘ಸತ್ತ ವಾಯರ್ ನಂದು!’
‘ನಿನ್ನಿ ನಿಂದಾಗೈತಿ, ಇವತ್ತು ನಂದು!’
ಸತ್ತದ್ದನ್ನು ಹಿಡಿದವರಿಗೆ
ಉಳಿದವರೆಲ್ಲ ಹೇಳಲೇಬೇಕು, ಅದು ಕಾಯಿದೆ.
ಒಬ್ಬ ಬೇಲಿಯ ತಂತಿಯನ್ನು ಹೇಳುತ್ತಿದ್ದ,
ಒಬ್ಬಳು ನಳದ ಪೈಪನ್ನು ಹೇಳುತ್ತಾ
ಮಾತು ಸಾಲದೆ ಎದ್ದು ಕುಣಿಯುತ್ತಿದ್ದಳು.

ಡಬ್ಬಿ ಬಿಚ್ಚಲು ಕೈ ಹಾಕಿದೆ.
‘ಬ್ಯಾಡ್ರಿ’ ಅಂದರು ಟೀಚರು.
ಮಕ್ಕಳು ಇನ್ನೂ ಜೋರಾಗಿ ಅಂದವು.

ಕಡ್ಡಿ ಚೀಲಕ್ಕೆ ಸೇರಿಸಿ ನಾನೂ ಪಾಳಿಗೆ ಕುಂತೆ.
ಇಪ್ಪತ್ತೆರಡು ಮಕ್ಕಳು, ನಂದು ಇಪ್ಪತ್ತಮೂರನೇ ಸರದಿ.
ಬರುವಷ್ಟರಲ್ಲಿ ಉಪ್ಪಿಟ್ಟಿನ ಗಂಟೆ ಹೊಡೆಯಿತು,
ಎಲ್ಲಾ ಎದ್ದು ಓಡಿದವು.

ಹುಸೇನಮ್ಮ ಒಬ್ಬಳು ಅರ್ಧ ದಾರಿಯಿಂದ ತಿರುಗಿ ಬಂದು
ನನ್ನ ಕೈ ಬಿಡಿಸಿ ಹಿಡಿದಳು.