ಒರಳಲ್ಲಿ ಚಳಿ

ಹೆಸರು ಗೊತ್ತಿಲ್ಲ.
ಹಿಮದ ರಸ್ತೆಗೆ ಕಲ್ಲು ಒಡೆಯಲು ಹೋದ ಗಂಗುಲಪ್ಪ ಭಾವ
ಎರಡು ವರ್ಷಕ್ಕೆ ಬಂದವನು
ಬೆಂಕಿಪೊಟ್ಟಣ ಅಲ್ಲಾಡಿಸಿ ಕೊಟ್ಟ:
'ರಾಗಿಗಿಂತ ಸಣ್ಣದು, ನೋಡು.
ನೆಲ ಬಿಟ್ಟು ಏಳೋದಿಲ್ಲ. ಗಾಳಿಗೆ ಹೆದರಿ
ಬೆರಳುದ್ದದಲ್ಲೇ ಹೂ ಬಿಟ್ಟು ಮುಗಿಸ್ತದೆ.'

ಅರ್ಧ ಬೀಜಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿದೆ,
ದಿನಾ ಎರಡು ಚೊಂಬು ನೀರು.
ಮೊಳೆಯಲಿಲ್ಲ. ಒಂದೂ.
ಫೋನಿನಲ್ಲಿ ಭಾವ ನಕ್ಕ:
'ಉಪಚಾರ ಮಾಡಿದರೆ ಸಾಯ್ತದೆ ಕಣಮ್ಮ ಅದು.
ಮೊದಲು ಚಳಿ ತೋರಿಸು.'

ಪೇರೇಸಂದ್ರದಲ್ಲಿ ಚಳಿ ಎಲ್ಲಿಂದ ತರಲಿ?
ಸಂಕ್ರಾಂತಿಯಲ್ಲಿ ಕಳವಾರ ಬೆಟ್ಟ ಹೊದ್ದ ಮಂಜೂ
ಒಂಬತ್ತು ಗಂಟೆಗೆ ಮಡಿಸಿಟ್ಟ ಕಂಬಳಿ.
ದನದ ಆಸ್ಪತ್ರೆಯ ಪ್ಯಾರೇಜಾನ್ ಸಾಬರನ್ನು ಕೇಳಿದೆ.
ಕಾಲುಬಾಯಿ ಜ್ವರದ ಲಸಿಕೆ ಬಾಟಲಿಗಳ ಪಕ್ಕ
ಒದ್ದೆ ಮರಳಿನ ಪೊಟ್ಟಣಕ್ಕೆ ಜಾಗ ಬಿಟ್ಟು
ಚೀಟಿ ಅಂಟಿಸಿದರು, ತಮ್ಮದೇ ಅಕ್ಷರದಲ್ಲಿ:
'ಅಕ್ಕಯಮ್ಮನ ಬೀಜ. ಚುಚ್ಚಬಾರದು.'

ಎಪ್ಪತ್ತು ದಿನ.
ಹಾಲು ಹಾಕಲು ಹೋದಾಗಲೆಲ್ಲ ಇಣುಕಿ ಬಂದೆ,
ಬಾಣಂತಿಯನ್ನು ನೋಡಲು ಹೋದವಳ ಹಾಗೆ.
ಕರೆಂಟು ಹೋದ ದಿನ ನನಗೇ ಮೈ ಬಿಸಿ.

ಅತ್ತೆಯ ಒರಳುಕಲ್ಲು
ಗ್ರೈಂಡರ್ ಬಂದಾಗಿನಿಂದ ಹಿತ್ತಲಲ್ಲಿ
ಮಳೆನೀರು ಕುಡಿದು ಸೊಳ್ಳೆ ಸಾಕುತ್ತಿತ್ತು.
ಉಳಿ ಹಿಡಿದು ತಳಕ್ಕೆ ತೂತು ಕೊರೆದೆ.
ಅಪ್ಪ ಕಲಿಸಿದ ಕೈ: ಒಂದೇ ಕಡೆ ಹೊಡೀಬೇಡ,
ಕಲ್ಲಿಗೆ ಯೋಚಿಸೋಕೆ ಬಿಡು, ತಿರುಗಿಸಿ ಹೊಡಿ.
ಅತ್ತೆ ನೋಡುತ್ತ ಕೂತಳು, ಒಂದು ಮಾತಿಲ್ಲ.
ತೂತು ಬಿದ್ದ ಸದ್ದಿಗೆ ಮಾತ್ರ
'ಇನ್ನು ಇದರಲ್ಲಿ ಚಟ್ನಿ ಇಲ್ಲ' ಅಂದಳು.

ತಳಕ್ಕೆ ಜಲ್ಲಿ. ಅದರ ಮೇಲೆ ಕ್ವಾರಿಯ ಪುಡಿ,
ಕೆಮ್ಮಿಸಿ ಕೆಮ್ಮಿಸಿ ಅಪ್ಪನನ್ನು ಒಯ್ದದ್ದು.
ಅದೇ ಇದಕ್ಕೆ ಅನ್ನ.
ಹಿಡಿಯಷ್ಟು ಕೆಮ್ಮಣ್ಣು, ಉಪ್ಪಿನಕಾಯಿಯ ಹಾಗೆ.

ಹನ್ನೊಂದು ಮೊಳೆತವು. ಮೇ ಹೊತ್ತಿಗೆ ನಾಲ್ಕು.
ಹಗಲು ಗೋಣಿಯ ನೆರಳು, ರಾತ್ರಿ ಬಯಲು.
ಸಂಜೆ ಐಸ್‌ಕ್ಯಾಂಡಿ ಡಬ್ಬದ ತಳದ ಚೂರು ತಂದು
ಜಲ್ಲಿಯ ಮೇಲೆ, ಎಲೆಗೆ ತಾಗದಂತೆ.
ಮೋಡ ಗುಡುಗಿದರೆ ಓಡಿ ಗಾಜು ಮುಚ್ಚುವುದು.
ಈ ಸೀಮೆಯಲ್ಲಿ ಮಳೆಗೆ ಬಾಗಿಲು ಹಾಕಿದವಳು
ನಾನೊಬ್ಬಳೇ ಇರಬೇಕು.

ಮತ್ತೆ ಜನವರಿ. ಉಳಿದದ್ದು ಒಂದು,
ಮಗುವಿನ ಅಂಗೈಯಗಲದ ಹಸಿರು ದಿಂಬು,
ಒತ್ತಿದರೆ ಗಟ್ಟಿ.
ಮಂಜಿನಲ್ಲಿ ಕ್ಯಾನು ಎತ್ತಿಕೊಂಡು ಹೊರಟವಳು
ಕ್ಯಾನು ಇಳಿಸಿದೆ.
ಐದು ಹೂ. ನೇರಳೆಗೆ ಹಾಲು ಬೆರೆಸಿದ ಬಣ್ಣ,
ಒಂದೊಂದೂ ಅಂಗಿಯ ಗುಂಡಿಗಿಂತ ಚಿಕ್ಕದು.

ನೋಡಲು ಮಂಡಿಯೂರಬೇಕು.
ಅತ್ತೆಗೆ ಮಂಡಿ ಬಗ್ಗುವುದಿಲ್ಲ.
ತಲೆ ಬಾಚುವ ಕನ್ನಡಿ ತಂದು, ಕೈಗೆ ಕೊಟ್ಟು,
ಓರೆ ಮಾಡಿ ಹಿಡಿಸಿದೆ.
ಮೊದಲು ಆಕಾಶ ಕಂಡಿತು, ಆಮೇಲೆ ನನ್ನ ಗಲ್ಲ, ಆಮೇಲೆ ಅದು.
'ಇಷ್ಟೇನಾ?' ಅಂದಳು.
ಕನ್ನಡಿ ಬಿಡಲಿಲ್ಲ.

ಅಷ್ಟರಲ್ಲಿ ಹಾಲಿನ ಗಾಡಿ ಹೋಗಿತ್ತು.